‘ಹ್ವಾಯ್’ ಎಂಬ ಕರೆ: ಕುಂದಾಪುರ ಸೀಮೆಯ ಒಂದು ಸಂಬೋಧನ ಶಬ್ದದ ವಿಚಾರ

ವ್ಯಾಕರಣದ ಪಾಠದಲ್ಲಿ ಸಂಬೋಧನೆಗೆ ದೊರೆಯುವ ಸ್ಥಾನ ಕಡೆಯದು. ಪ್ರಥಮಾದಿ ಏಳು ವಿಭಕ್ತಿಗಳನ್ನು ವಿಸ್ತಾರವಾಗಿ ವಿವರಿಸಿ, ಕೊನೆಯಲ್ಲಿ ‘ಸಂಬೋಧನೆ’ ಎಂದು ಬರೆದು, ‘ರಾಮನೇ, ರಾಮಾ’ ಎಂಬೆರಡು ಉದಾಹರಣೆಗಳನ್ನು ಕೊಟ್ಟು ಪಾಠವನ್ನು ಮುಗಿಸುವುದು ವಾಡಿಕೆ. ಲೋಕವ್ಯವಹಾರದಲ್ಲಾದರೋ ಈ ಕ್ರಮ ತಲೆಕೆಳಗು. ಅಲ್ಲಿ ಮೊದಲು ಕರೆ, ಆಮೇಲೆ ಮಾತು. ಕರೆಸಿಕೊಂಡವನು ಕರೆದವನ ಕಡೆಗೆ ತಿರುಗಿದ ಮೇಲೆಯೇ ಕರ್ತೃ, ಕರ್ಮ, ಕ್ರಿಯೆಗಳಿಗೆ ಕೆಲಸ. ಒಬ್ಬನು ಮತ್ತೊಬ್ಬನನ್ನು ಹಿರಿಯನೆಂದು ಬಗೆದನೋ, ಸಮಾನನೆಂದು ಬಗೆದನೋ, ಕೀಳೆಂದು ಬಗೆದನೋ ಎಂಬುದು ಆ ಮೊದಲ ಕರೆಯಲ್ಲಿಯೇ ನಿರ್ಣಯವಾಗಿಬಿಡುತ್ತದೆ. ಬಸವಣ್ಣನವರು ‘ಅಯ್ಯಾ’ ಎಂಬ ಕರೆಯನ್ನೂ ‘ಎಲವೋ’ ಎಂಬ ಕರೆಯನ್ನೂ ಎದುರುಬದುರಾಗಿ ಇಟ್ಟು ತೂಗಿದುದು ಈ ಕಾರಣದಿಂದಲೇ. ಶರಣರ ಪಾಲಿಗೆ ಸಂಬೋಧನೆಯು ವ್ಯಾಕರಣದ ಅಂಗವಷ್ಟೇ ಆಗಿರಲಿಲ್ಲ, ಆಚಾರದ ಅಂಗವೂ ಆಗಿತ್ತು.

ಹೀಗೆ ಕರೆಯಲ್ಲಿಯೇ ಗೌರವವನ್ನಿಟ್ಟುಕೊಂಡ ಒಂದು ಪುಟ್ಟ ಶಬ್ದ ಕನ್ನಡನಾಡಿನ ಕರಾವಳಿಯಲ್ಲಿದೆ. ಅದು ‘ಹ್ವಾಯ್’. ಕೇಳಿದವರಿಗೆ ಒಂದೇ ಉಸಿರಿನ ಕೂಗು. ಬರೆದರೆ ಒಂದೂವರೆ ಅಕ್ಷರ. ಘಟ್ಟದ ಮೇಲಿನವರ ಕಿವಿಗೆ ಇದು ಒರಟು ಮಾತೆಂದು ತೋರುವುದುಂಟು. ‘ಹೋಯ್’ ಎಂದು ಅಪರಿಚಿತರನ್ನು ಕೂಗುವುದು ಅವರ ಸೀಮೆಯಲ್ಲಿ ಮರ್ಯಾದೆಯಲ್ಲ. ಕರಾವಳಿಯ ಹುಡುಗನೊಬ್ಬನು ಘಟ್ಟದ ಮೇಲಿನ ಶಾಲೆಗೆ ಸೇರಿ ತನ್ನ ಮನೆಯ ರೂಢಿಯಂತೆ ಉಪಾಧ್ಯಾಯರನ್ನು ‘ಹ್ವಾಯ್’ ಎಂದು ಕರೆದರೆ, ಅವನು ಕೊಟ್ಟ ಗೌರವ ಉದ್ಧಟತನವಾಗಿ ಕೇಳಿಸುವ ಸಂಭವವಿದೆ. ಒಂದೇ ಧ್ವನಿ, ಎರಡು ಸೀಮೆ, ಎರಡು ತದ್ವಿರುದ್ಧ ಅರ್ಥ. ಆದುದರಿಂದ ಈ ಶಬ್ದದ ಅರ್ಥವನ್ನೂ ಮೂಲವನ್ನೂ ವಿಚಾರಿಸುವುದು ಪಂಡಿತರ ವಿನೋದಕ್ಕೆ ಮಾತ್ರ ಸೇರಿದ ವಿಷಯವಲ್ಲ. ತರಗತಿಯಲ್ಲಿ ನಿಂತು ಪಾಠ ಹೇಳುವವರಿಗೂ ಅಗತ್ಯವಾದುದು.

ಶಬ್ದದ ಸೀಮೆ

ಉಡುಪಿ ಜಿಲ್ಲೆಯ ಉತ್ತರಭಾಗದಲ್ಲಿರುವ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳು ಈ ಶಬ್ದದ ತವರು. ಉಡುಪಿ ಜಿಲ್ಲೆಯು 1997ರಲ್ಲಿ ದಕ್ಷಿಣ ಕನ್ನಡದಿಂದ ಬೇರೆಯಾಯಿತು. ಬೈಂದೂರು, ಬ್ರಹ್ಮಾವರಗಳು ಪ್ರತ್ಯೇಕ ತಾಲೂಕುಗಳಾದುದು 2018ರಲ್ಲಿ. ಅದಕ್ಕೆ ಮೊದಲು ಬೈಂದೂರು ಕುಂದಾಪುರ ತಾಲೂಕಿಗೂ ಬ್ರಹ್ಮಾವರ ಉಡುಪಿ ತಾಲೂಕಿಗೂ ಸೇರಿದ್ದವು. ಆಡಳಿತದ ಗೆರೆಗಳು ಹೀಗೆ ಬದಲಾದರೂ ಮಾತಿನ ಸೀಮೆ ಒಂದೇ. ಪೂರ್ವಕ್ಕೆ ಸಹ್ಯಾದ್ರಿ, ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ದಕ್ಷಿಣಕ್ಕೆ ಹೋದಂತೆ ತುಳುವಿನ ನಾಡು, ಉತ್ತರಕ್ಕೆ ಭಟ್ಕಳದ ಕಡೆ. ಈ ನಡುವಿನ ನೆಲದಲ್ಲಿ ಮನೆಮಾತಾಗಿ ಆಡುವ ಕನ್ನಡವನ್ನು ಜನ ‘ಕುಂದಾಪ್ರ ಕನ್ನಡ’ ಎನ್ನುತ್ತಾರೆ; ‘ಕುಂದಗನ್ನಡ’ ಎಂಬ ಹೆಸರೂ ಬಳಕೆಯಲ್ಲಿದೆ. ಪುಣೆಯ ಡೆಕ್ಕನ್ ಕಾಲೇಜು 20ನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡದ ಉಪಭಾಷೆಗಳನ್ನು ಕುರಿತು ಹೊರತಂದ ಗ್ರಂಥಗಳಲ್ಲಿ ಬಾರಕೂರಿನ ಕನ್ನಡಕ್ಕೂ ಒಂದು ಸ್ಥಾನ ದೊರೆಯಿತು.

ಈ ನೆಲ ಹೊರಗಿನವರಿಗೆ ಮುಚ್ಚಿದ ಮೂಲೆಯಾಗಿರಲಿಲ್ಲವೆಂಬುದು ಗಮನಾರ್ಹ. ಬಾರಕೂರು ಆಳುಪ ಅರಸರ ರಾಜಧಾನಿಯಾಗಿದ್ದಿತು. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರವಾಯಿತು. ಬಸರೂರು ಅಕ್ಕಿಯ ವ್ಯಾಪಾರಕ್ಕೆ ಹೆಸರಾದ ಬಂದರು; ಪೋರ್ಚುಗೀಸರ ಕಣ್ಣು ಅದರ ಮೇಲೆ ಬಿದ್ದಿತ್ತು, 1665ರಲ್ಲಿ ಶಿವಾಜಿಯ ನೌಕೆಗಳು ಅಲ್ಲಿಗೆ ಬಂದುವು. ವೀರಶೈವರಾದ ಕೆಳದಿಯ ಅರಸರು ಘಟ್ಟದ ಮೇಲಿನ ಬಿದನೂರಿನಿಂದ ಈ ಕರಾವಳಿಯನ್ನೂ ಆಳಿದರು. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿಯುವವರೆಗೆ ಮೇಲುಸೀಮೆಯ ಸರಕು ಘಟ್ಟವಿಳಿದು ಈ ಬಂದರುಗಳನ್ನು ಸೇರುತ್ತಿತ್ತು. ಇಷ್ಟು ಜನ, ಇಷ್ಟು ಭಾಷೆ ಬಂದುಹೋದರೂ ಇಲ್ಲಿಯ ಆಡುಮಾತು ತನ್ನ ಹಳೆಯ ಸಂಪತ್ತನ್ನು ಬಿಟ್ಟುಕೊಟ್ಟಿಲ್ಲ. ‘ಬರುವುದು, ಹೋಗುವುದು’ ಎಂದು ಇತರರು ಹೇಳುವಲ್ಲಿ ಕುಂದಾಪುರದವರು ‘ಬಪ್ಪುದ್, ಹೋಪುದ್’ ಎನ್ನುತ್ತಾರೆ. ‘ಉಂಬುದ್, ತಿಂಬುದ್’ ಎನ್ನುತ್ತಾರೆ. ವಚನಗಳನ್ನು ಓದಿದವರಿಗೆ ‘ಬಪ್ಪ, ಹೋಪ’ ಎಂಬ ಈ ರೂಪಗಳು ಹೊಸವಲ್ಲ. ‘ನೋಡು’ ಎಂಬುದಕ್ಕೆ ‘ಕಾಣ್’ ಎಂಬ ಹಳೆಯ ಧಾತುವೇ ಅಲ್ಲಿ ನಿತ್ಯಬಳಕೆಯದು. ಹಳಗನ್ನಡ ಕಾವ್ಯಗಳಲ್ಲಿ ಬರುವ ‘ಗಡ’ ಎಂಬ ಅವ್ಯಯವು ಇಂದಿಗೂ ಅಲ್ಲಿಯ ಜಗಲಿಯ ಮಾತಿನಲ್ಲಿ ಕೇಳಿಸುತ್ತದೆ. ಇಂತಹ ಹಳೆಯ ಭಂಡಾರದೊಳಗಿನ ಒಂದು ನಾಣ್ಯವೆಂದು ‘ಹ್ವಾಯ್’ ಶಬ್ದವನ್ನು ಪರೀಕ್ಷಿಸುವುದು ನ್ಯಾಯ.

ಪ್ರಯೋಗವೂ ಅರ್ಥವೂ

ಶಬ್ದದ ಅರ್ಥವನ್ನು ಪ್ರಯೋಗದಿಂದ ತಿಳಿಯಬೇಕು. ‘ಹ್ವಾಯ್’ ಶಬ್ದದ ಪ್ರಯೋಗಗಳನ್ನು ವಿಂಗಡಿಸಿದರೆ ಮುಖ್ಯವಾಗಿ ಐದು ಬಗೆಗಳು ಕಾಣುತ್ತವೆ.

ಮೊದಲನೆಯದು ದೂರದ ಕರೆ. ಗದ್ದೆಯ ಈ ಅಂಚಿನಲ್ಲಿ ನಿಂತವರು ಆ ಅಂಚಿನಲ್ಲಿರುವವರನ್ನು ಕರೆಯುವಾಗ ‘ಹ್ವಾ’ ಎಂಬ ಸ್ವರವನ್ನು ಉಸಿರಿರುವಷ್ಟು ಎಳೆದು ‘ಯ್’ಕಾರದಲ್ಲಿ ನಿಲ್ಲಿಸುತ್ತಾರೆ. ಎರಡನೆಯದು ದಾರಿಯ ಕುಶಲಪ್ರಶ್ನೆ. ಎದುರಾದವರಿಗೆ ‘ಹ್ವಾಯ್, ಎಲ್ಲಿಗ್ ಹೊರ್ಟದ್ದ್?’ ಎಂದರೆ ಅದು ವಂದನೆಗೆ ಸಮಾನ. ಇಲ್ಲಿ ಸ್ವರ ಮೊಟಕು, ದನಿ ಮೃದು. ಮೂರನೆಯದು ಹೆಸರು ತಿಳಿಯದ, ಅಥವಾ ಹೆಸರು ಹಿಡಿದು ಕರೆಯಲು ಸಲ್ಲದ ಹಿರಿಯರ ಸಂಬೋಧನೆ. ಹಳೆಯ ಸಂಪ್ರದಾಯದ ಗೃಹಿಣಿ ಗಂಡನ ಹೆಸರೆತ್ತದೆ ‘ಹ್ವಾಯ್, ಇಲ್ಲ್ ಕಾಣಿ’ ಎನ್ನುವುದು ಇದೇ ವರ್ಗಕ್ಕೆ ಸೇರುತ್ತದೆ. ನಾಲ್ಕನೆಯದು ಮಾತಿನ ನಡುವೆ ಗಮನ ಸೆಳೆಯುವುದು, ಆಕ್ಷೇಪಿಸುವುದು, ಎಚ್ಚರಿಸುವುದು. ಐದನೆಯದು ವಾಕ್ಯದ ಕೊನೆಯಲ್ಲಿ ಬರುವ ಒತ್ತಾಯದ ‘ಹ್ವಾಯ್’. ‘ಬನ್ನಿ ಹ್ವಾಯ್’ ಎಂದಾಗ ಕರೆಯುವ ಕೆಲಸ ಮೊದಲೇ ಮುಗಿದಿದೆ. ಉಳಿದುದು ಸಲಿಗೆಯ ಉಪಚಾರ.

ಈ ಐದರಲ್ಲಿಯೂ ಸಾಮಾನ್ಯವಾದ ಒಂದು ಲಕ್ಷಣವಿದೆ. ‘ಹ್ವಾಯ್’ ಎಂದು ಪ್ರಾರಂಭವಾದ ವಾಕ್ಯದ ಕ್ರಿಯಾಪದವು ಬಹುವಚನದಲ್ಲಿರುತ್ತದೆ: ‘ಬನ್ನಿ’, ‘ಕಾಣಿ’, ‘ಹ್ಯಾಂಗಿದ್ರಿ’. ‘ಬಾ’, ‘ಹೋಗು’ ಎಂಬ ಏಕವಚನದೊಡನೆ ಅದು ಸಹಜವಾಗಿ ಕೂಡುವುದಿಲ್ಲ. ಸಣ್ಣ ಮಗುವನ್ನು ಕರೆಯಲು ‘ಏ’, ‘ಮಗಾ’ ಮುಂತಾದ ಬೇರೆ ಶಬ್ದಗಳಿವೆ. ಎಂದಮೇಲೆ ‘ಹ್ವಾಯ್’ ಗೌರವವಾಚಕವೆಂಬುದಕ್ಕೆ ಅದರ ಜೊತೆಯ ಕ್ರಿಯಾಪದವೇ ಸಾಕ್ಷಿ. ಬಯಲುಸೀಮೆಯ ‘ರೀ’ ಎಂಬುದಕ್ಕೂ ಮರಾಠಿಯ ‘ಅಹೋ’ ಎಂಬುದಕ್ಕೂ ಇರುವ ಸ್ಥಾನವೇ ಕುಂದಾಪುರದಲ್ಲಿ ‘ಹ್ವಾಯ್’ ಎಂಬುದಕ್ಕೆ ಇದೆ. ಘಟ್ಟದ ಮೇಲಿನ ಒರಟಾದ ‘ಹೋಯ್’ ಶಬ್ದದೊಡನೆ ಅದನ್ನು ಸಮೀಕರಿಸುವುದು ಕಿವಿಯನ್ನು ನಂಬಿ ವ್ಯಾಕರಣವನ್ನು ಕೈಬಿಟ್ಟಂತೆ.

ಇದರ ಒಡಹುಟ್ಟೆನ್ನಬಹುದಾದ ಇನ್ನೊಂದು ಶಬ್ದ ‘ಮರ್ರೆ’. ‘ಎಂತ ಮರ್ರೆ’, ‘ಹೌದಾ ಮರ್ರೆ’ ಎಂದು ಮಾತುಮಾತಿಗೂ ಬರುವ ಇದು ‘ಮಾರಾಯರೇ’ ಎಂಬುದರ ಸಂಕ್ಷೇಪ. ‘ಮಾರಾಯ’ ಎಂಬುದು ‘ಮಹಾರಾಯ’ ಶಬ್ದದ ತದ್ಭವ. ಅರಸನಿಗೆ ಸಲ್ಲತಕ್ಕ ಬಿರುದನ್ನು ಆ ಸೀಮೆಯ ಜನ ಮೀನು ಮಾರುವವರಿಗೂ, ಅಡಕೆ ಕೊಯ್ಯುವವರಿಗೂ, ದೇವಳದ ಅರ್ಚಕರಿಗೂ ಸಮನಾಗಿ ಹಂಚಿಬಿಟ್ಟಿದ್ದಾರೆ. ‘ಹ್ವಾಯ್’ ಎಂದು ಕರೆದು ‘ಮರ್ರೆ’ ಎಂದು ಮುಗಿಸಿದ ವಾಕ್ಯದಲ್ಲಿ ಆದಿಯೂ ಅಂತ್ಯವೂ ಮರ್ಯಾದೆಯೇ.

ರೂಪವಿಚಾರ

ಇನ್ನು ಶಬ್ದದ ಮೂಲ. ‘ಹ್ವಾಯ್’ ಎಂಬುದನ್ನು ಬಿಡಿಸಿದರೆ ಹ್, ವಾ, ಯ್ ಎಂದು ಮೂರು ಅಂಶಗಳಾಗುತ್ತವೆ. ಒಂದೊಂದನ್ನೂ ಬೇರೆಬೇರೆಯಾಗಿ ನೋಡತಕ್ಕದ್ದು.

‘ಹ್’ಕಾರವನ್ನು ಕಂಡು ಇದು ‘ಹೋಗು’ ಧಾತುವಿನಿಂದ ಬಂದಿತೆಂದು ಊಹಿಸಬಹುದು. ಈ ಊಹೆ ನಿಲ್ಲುವುದಿಲ್ಲ. ‘ಹೋಗು’ ಎಂಬುದರ ಹಳಗನ್ನಡ ರೂಪ ‘ಪೋಗು’. ‘ಪಾಲ್’ ಎಂಬುದು ‘ಹಾಲು’ ಆದಂತೆ ಅದು ‘ಹೋಗು’ ಆಯಿತು. ಅರ್ಥದ ದೃಷ್ಟಿಯಿಂದಲೂ ಹೊಂದಿಕೆಯಿಲ್ಲ. ಕರೆಯುವ ಶಬ್ದ ಎದುರಿನವರನ್ನು ನಿಲ್ಲಿಸಬೇಕೇ ಹೊರತು ಕಳುಹಿಸಬಾರದು. ಈ ‘ಹ್’ಕಾರವು ಕೂಗಿನ ಉಸಿರಿನಿಂದ ಬಂದುದು. ಓ–ಹೋ, ಏ–ಹೇ, ಆ–ಹಾ ಎಂಬ ಜೋಡಿಗಳನ್ನು ನೋಡಿದರೆ ಸಂಬೋಧನೆಯ ಹಾಗೂ ಭಾವಸೂಚಕದ ಸ್ವರಗಳ ಹಿಂದೆ ‘ಹ್’ಕಾರ ಸೇರುವುದು ಸ್ಪಷ್ಟವಾಗುತ್ತದೆ. ಆದುದರಿಂದ ‘ಹ್ವಾಯ್’ ಶಬ್ದದ ಬೀಜ ‘ಓ’ ಎಂಬ ಕರೆ. ಈ ‘ಓ’ ಕನ್ನಡಕ್ಕೆ ಬಹು ಹತ್ತಿರದ್ದು. ಕರೆದುದಕ್ಕೆ ಉತ್ತರ ಕೊಡುವುದನ್ನು ಕನ್ನಡವು ‘ಓಗೊಡು’ ಎನ್ನುತ್ತದೆ. ‘ಓ’ ಎಂಬ ದನಿಯನ್ನು ಕೊಡುವುದೇ ಓಗೊಡುವುದು. ಕರೆಯೂ ‘ಓ’, ಮರುದನಿಯೂ ‘ಓ’.

‘ವಾ’ ಎಂಬ ಅಂಶವು ಆ ಸೀಮೆಯ ಉಚ್ಚಾರಣೆಯ ಗುರುತು. ಓಕಾರದ ಮುಂದಿನ ಅಕ್ಷರದಲ್ಲಿ ಅಕಾರವಿದ್ದರೆ ಕುಂದಾಪುರದ ಬಾಯಿಯಲ್ಲಿ ಆ ಓಕಾರವು ಸಾಮಾನ್ಯವಾಗಿ ‘ವಾ’ ಆಗಿ ಬಿಚ್ಚಿಕೊಳ್ಳುತ್ತದೆ. ‘ಹೋದ’ ಎಂಬುದು ‘ಹ್ವಾದ’, ‘ತೋಟ’ ಎಂಬುದು ‘ತ್ವಾಟ’, ‘ಕೋಣ’ ಎಂಬುದು ‘ಕ್ವಾಣ’ ಆಗುವುದನ್ನು ಗಮನಿಸಬಹುದು. ಮುಂದೆ ಇಕಾರ ಉಕಾರಗಳಿದ್ದ ಕಡೆ ಈ ವಿಕಾರವಿಲ್ಲ. ‘ಕೋಳಿ’ ಎಂಬುದು ‘ಕೋಳಿ’ಯಾಗಿಯೇ ಉಳಿಯುತ್ತದೆ, ‘ಹೋಯಿತು’ ಎಂಬುದು ‘ಹೋಯ್ತ್’ ಆಗುತ್ತದೆ. ಏಕಾರಕ್ಕೂ ಇದೇ ನ್ಯಾಯ: ‘ಬೇಡ’ ಎಂಬುದು ‘ಬ್ಯಾಡ’, ಆದರೆ ‘ಬೇಕು’ ಎಂಬುದು ‘ಬೇಕ್’. ಕನ್ನಡದ ಎಲ್ಲ ಸೀಮೆಗಳಲ್ಲಿಯೂ ‘ಕೋಣ’ ಶಬ್ದದ ಓಕಾರವು ‘ಕೋಳಿ’ ಶಬ್ದದ ಓಕಾರಕ್ಕಿಂತ ಸ್ವಲ್ಪ ತೆರೆದ ಬಾಯಿಯಿಂದ ಹೊರಡುತ್ತದೆ. ಕುಂದಾಪುರವು ಅದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮೂಲವು ಕೇವಲ ‘ಹೋಯ್’ ಎಂದಾಗಿದ್ದರೆ ಮುಂದೆ ಅಕಾರವಿಲ್ಲದ ಕಾರಣ, ‘ಹೋಯ್ತ್’ ಎಂಬಲ್ಲಿ ಉಳಿದಂತೆ ಓಕಾರವು ಉಳಿಯಬೇಕಾಗಿತ್ತು. ಅದು ‘ಹ್ವಾಯ್’ ಆಗಿರುವುದನ್ನು ನೋಡಿದರೆ ಓಕಾರದ ಮುಂದೆ ಒಂದು ಕಾಲದಲ್ಲಿ ಅಕಾರವಿದ್ದಿತೆಂದು ಊಹಿಸಲು ಅವಕಾಶವಾಗುತ್ತದೆ. ‘ಓ’ ಎಂಬ ಕರೆಯ ಮುಂದೆ ಸಹಜವಾಗಿ ಬರತಕ್ಕ, ಅಕಾರದಿಂದ ಮೊದಲಾಗಿ ಯಕಾರವುಳ್ಳ ಗೌರವಶಬ್ದ ಯಾವುದು? ‘ಅಯ್ಯ’. ‘ಓ ಅಯ್ಯ’ ಎಂಬುದು ಉಸಿರು ಸೇರಿ ‘ಹೋ ಅಯ್ಯ’ ಎಂದಾಗಿ, ಎರಡು ಸ್ವರಗಳು ಕೂಡಿ ‘ಹ್ವಯ್ಯ’ ಎಂದಾಗಿ, ಆ ಸೀಮೆಯ ರೂಢಿಯಂತೆ ಕೊನೆಯ ಸ್ವರ ಬಿದ್ದು ಕೂಗಿನ ದೀರ್ಘವನ್ನು ಪಡೆದು ‘ಹ್ವಾಯ್’ ಎಂದು ನಿಂತಿರಬಹುದು. ಈ ನಿಷ್ಪತ್ತಿಯನ್ನು ಒಪ್ಪಿದರೆ ಶಬ್ದದ ಮೂರು ಅಂಶಗಳೂ ಅದರ ಗೌರವಾರ್ಥವೂ ಒಟ್ಟಿಗೆ ಸಮರ್ಥಿತವಾಗುತ್ತವೆ.

ಇದಕ್ಕೆ ಎರಡು ಆಕ್ಷೇಪಗಳನ್ನು ಎತ್ತಬಹುದು. ‘ಅಯ್ಯ’ ಎಂಬುದು ಪುಲ್ಲಿಂಗ. ‘ಹ್ವಾಯ್’ ಎಂಬುದಾದರೋ ಹೆಂಗಸರಿಗೂ ಸಲ್ಲುತ್ತದೆಯಲ್ಲ ಎಂಬುದು ಮೊದಲನೆಯದು. ಆದರೆ ‘ಅಯ್ಯೋ’ ಎಂಬ ಉದ್ಗಾರದಲ್ಲಿ ‘ಅಯ್ಯ’ ತನ್ನ ಲಿಂಗವನ್ನು ಎಂದೋ ಕಳೆದುಕೊಂಡಿದೆ. ಸಂಬೋಧನೆಗೆ ನಿಂತ ನಾಮಪದವು ಸವೆದು ಅವ್ಯಯವಾದಾಗ ಲಿಂಗವಚನಗಳು ಉದುರುವುದು ಸಹಜ. ಸಂಸ್ಕೃತದ ‘ಭೋಃ’ ಇದಕ್ಕೆ ಉತ್ತಮ ನಿದರ್ಶನ. ಪೂಜ್ಯವಾಚಕವಾದ ‘ಭವತ್’ ಶಬ್ದದ ಸಂಬೋಧನರೂಪವೇ ಸವೆದು ಒಂದಕ್ಷರದ ಕರೆಯಾಯಿತು. ಕನ್ನಡದ ‘ರೀ’ ಕೂಡ ‘ಬನ್ನಿರಿ’, ‘ಕೇಳಿರಿ’ ಎಂಬಲ್ಲಿಯ ಬಹುವಚನದ ತುದಿ ಕಳಚಿ ಬಂದುದು. ಕೂಗುವಾಗ ಬಾಯನ್ನು ಅಗಲವಾಗಿ ತೆರೆದರೆ ದನಿ ದೂರ ಹೋಗುತ್ತದೆ. ಆ ಕಾರಣದಿಂದಲೇ ‘ಹೋಯ್’ ‘ಹ್ವಾಯ್’ ಆಗಿರಬಾರದೇಕೆ ಎಂಬುದು ಎರಡನೆಯ ಆಕ್ಷೇಪ. ಇದು ಬಲವಾದ ಮಾತೇ. ಆದರೂ ಘಟ್ಟದ ಮೇಲಿನವರೂ ದೂರಕ್ಕೆ ಕೂಗುತ್ತಾರೆ, ಅಲ್ಲಿ ಆ ವಿಕಾರ ಕಾಣುವುದಿಲ್ಲ; ಗೌರವಾರ್ಥ ಎಲ್ಲಿಂದ ಬಂದಿತೆಂಬುದಕ್ಕೂ ಇದರಿಂದ ಸಮಾಧಾನ ದೊರೆಯುವುದಿಲ್ಲ. ಎರಡು ಪಕ್ಷಗಳನ್ನೂ ತೂಗಿದಾಗ ‘ಅಯ್ಯ’ ಪಕ್ಷದ ಕಡೆಗೆ ತಕ್ಕಡಿ ತುಸು ಬಾಗುತ್ತದೆ.

ಹೊರಗಿನ ಭಾಷೆಗಳ ಪಕ್ಷವನ್ನೂ ಕೈಬಿಡುವಂತಿಲ್ಲ. ಇಂದಿನ ಹುಡುಗರ ಕಿವಿಗೆ ‘ಹ್ವಾಯ್’ ಎಂಬುದು ಇಂಗ್ಲಿಷಿನ ‘ಹಾಯ್’ ಎಂಬುದರಂತೆ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ‘ಹಾಯ್’ ಎಂಬ ಕೂಗೂ ಇದೆ, ‘ಹೊಯ್’ ಎಂಬ ಕೂಗೂ ಇದೆ. ನಾವಿಕರು ಹಡಗಿನಿಂದ ಹಡಗಿಗೆ ‘ಅಹಾಯ್’ ಎಂದು ಕೂಗುತ್ತಿದ್ದರು. ದೂರವಾಣಿ ಬಂದ ಹೊಸದರಲ್ಲಿ ಗ್ರಹಾಂಬೆಲ್ ಈ ‘ಅಹಾಯ್’ ಎಂಬುದನ್ನೇ ಮೆಚ್ಚಿದ್ದನೆಂದೂ, 1877ರಲ್ಲಿ ಎಡಿಸನ್ ಸೂಚಿಸಿದ ‘ಹಲೋ’ ಗೆದ್ದಿತೆಂದೂ ಪ್ರಸಿದ್ಧಿಯಿದೆ. ಬಸರೂರು, ಗಂಗೊಳ್ಳಿಗಳಂತಹ ಬಂದರುಗಳಿರುವಾಗ ಹಡಗಿನವರ ಕೂಗು ದಡಕ್ಕೆ ಬಂದಿರಬಾರದೇ ಎಂದು ಕೇಳಬಹುದು. ಆದರೆ ಕಡಲನ್ನೇ ಕಾಣದ ಸೀಮೆಗಳಲ್ಲಿಯೂ ಇಂತಹ ಕರೆಗಳಿವೆ. ತಮಿಳಿನಲ್ಲಿ ‘ಓಯ್’ ಎಂಬ ಕರೆಯು ‘ನೀರ್’ ಎಂಬ ಮಧ್ಯಮ ಗೌರವದ ಸರ್ವನಾಮದೊಡನೆ ಬರುತ್ತದೆ. ಪಂಜಾಬಿನಲ್ಲಿ ‘ಓಯೇ’ ಇದೆ. ಅಲ್ಲಿ ಅದು ಸಲಿಗೆಯ ಮಾತು. ಮನುಷ್ಯನ ಗಂಟಲು ಎಲ್ಲ ಕಡೆಯೂ ಒಂದೇ ಆದುದರಿಂದ ಕೂಗುಗಳು ಹೋಲುತ್ತವೆ. ಕೂಗು ಹೋಲಿದ ಮಾತ್ರಕ್ಕೆ ಅರ್ಥ ಹೋಲುವುದಿಲ್ಲ. ಯಾವ ಕೂಗಿಗೆ ಎಷ್ಟು ಮರ್ಯಾದೆ ಎಂಬುದನ್ನು ಆಯಾ ಜನಪದವೇ ನಿಶ್ಚಯಿಸುತ್ತದೆ.

ಪ್ಲುತವೂ ಮರ್ಯಾದೆಯೂ

ಒಂದು ಮಾತ್ರೆಯ ಸ್ವರ ಹ್ರಸ್ವ, ಎರಡು ಮಾತ್ರೆಯದು ದೀರ್ಘ, ಮೂರು ಮಾತ್ರೆಯದು ಪ್ಲುತ. ದೂರದಿಂದ ಕರೆಯುವಾಗ, ಹಾಡುವಾಗ, ಅಳುವಾಗ ಪ್ಲುತ ಬರುತ್ತದೆಂದು ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರೆ. ಇದಕ್ಕೆ ಜೀವಂತ ಉದಾಹರಣೆ ಬೇಕಾದರೆ ಕರಾವಳಿಯ ‘ಹ್ವಾಯ್’ ಶಬ್ದಕ್ಕಿಂತ ಉತ್ತಮವಾದುದು ದೊರೆಯದು. ಅಲ್ಲಿ ಮನೆಗಳು ಬಯಲುಸೀಮೆಯ ಹಳ್ಳಿಗಳಂತೆ ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿಲ್ಲ. ಒಂದೊಂದು ಮನೆ ಒಂದೊಂದು ತೋಟದ ನಡುವೆ. ಮನೆಯಿಂದ ಮನೆಗೆ ಗದ್ದೆಯ ಬೈಲು ಅಡ್ಡ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಹೊಳೆಗಳು ಕುಂದಾಪುರದ ಬಳಿ ಕೂಡಿ ಕಡಲನ್ನು ಸೇರುತ್ತವೆ. ಬ್ರಹ್ಮಾವರದ ಕಡೆ ಸೀತಾನದಿ. ಸೇತುವೆಗಳಾಗುವ ಮೊದಲು ಊರಿಂದೂರಿಗೆ ದೋಣಿಯೇ ದಾರಿ. ಈ ದಡದಲ್ಲಿ ನಿಂತು ಆ ದಡದ ದೋಣಿಯವನನ್ನು ಕರೆಯಬೇಕಾದರೆ, ಮಳೆಗಾಲದ ಗಾಳಿಯನ್ನು ದಾಟಿ ದನಿ ಹೋಗಬೇಕಾದರೆ, ಮೂರು ಮಾತ್ರೆಯೂ ಸಾಲದು.

ಪ್ಲುತದ ವಿಚಾರದಲ್ಲಿ ಪಾಣಿನಿಯ ಸೂತ್ರಗಳನ್ನು ಓದಿದವರು ಒಂದು ಸಂಗತಿಯನ್ನು ಬಲ್ಲರು. ದೂರದ ಕರೆಯಲ್ಲಿ ಪ್ಲುತವನ್ನು ವಿಧಿಸಿದ ಆಚಾರ್ಯನು ಪ್ರತ್ಯಭಿವಾದನದಲ್ಲಿ, ಅಂದರೆ ವಂದಿಸಿದವನಿಗೆ ಹಿರಿಯನು ಮರಳಿ ಹರಸುವ ಮಾತಿನಲ್ಲಿಯೂ, ಪ್ಲುತವನ್ನು ವಿಧಿಸಿದ್ದಾನೆ. ಆದರೆ ಶೂದ್ರನನ್ನು ಅದರಿಂದ ಹೊರಗಿಟ್ಟಿದ್ದಾನೆ. ವಾರ್ತಿಕಕಾರನು ಸ್ತ್ರೀಯರನ್ನೂ ಹೊರಗಿಟ್ಟನು. ಅಂದಿನ ಶಿಷ್ಟರ ವ್ಯವಹಾರ ಹಾಗಿದ್ದಿತು, ವೈಯಾಕರಣನು ಕಂಡುದನ್ನು ಬರೆದನು. ಒಂದು ಮಾತ್ರೆಯ ಉಸಿರನ್ನು ಕೂಡ ಜನ ಕುಲ ನೋಡಿ ಹಂಚುತ್ತಿದ್ದರೆಂಬುದಕ್ಕೆ ಅದು ದಾಖಲೆ. 12ನೆಯ ಶತಮಾನದಲ್ಲಿ ಶರಣರು ‘ಶರಣು’ ಎಂಬ ಒಂದೇ ವಂದನೆಯನ್ನು ಎಲ್ಲರಿಗೂ ಸಲ್ಲಿಸಿದುದರ ಮಹತ್ತ್ವ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ.

‘ಹ್ವಾಯ್’ ಎಂಬುದು ಧರ್ಮಸಂಸ್ಥಾಪಕರು ಕೊಟ್ಟ ಶಬ್ದವಲ್ಲ, ಜನರು ತಮ್ಮ ಬಳಕೆಗೆ ರೂಢಿಸಿಕೊಂಡುದು. ಅದರಲ್ಲಿ ಕುಲದ, ಸಂಪತ್ತಿನ, ಪದವಿಯ ಸೂಚನೆಯೇ ಇಲ್ಲ. ಹಾಗೆಂದು ಆ ಸೀಮೆಯ ಸಮಾಜದಲ್ಲಿ ಮೇಲುಕೀಳುಗಳಿರಲಿಲ್ಲವೆಂದು ತಿಳಿಯಬಾರದು. ಗೇಣಿಯ ಕಾಲದಲ್ಲಿ ಒಕ್ಕಲು ತನ್ನ ಭೂಮಾಲಿಕನನ್ನು ಕರೆಯಲು ‘ಧಣಿ’, ‘ಒಡೆಯ’ ಮುಂತಾದ ಬೇರೆ ಶಬ್ದಗಳಿದ್ದುವು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ಕಾನೂನು ಉಳುವವನಿಗೆ ಭೂಮಿಯ ಹಕ್ಕನ್ನು ಕೊಟ್ಟಿತು; ನೆಲದ ಸಂಬಂಧ ಬದಲಾದಂತೆ ಕರೆಯ ಸಂಬಂಧವೂ ಬದಲಾಗುವುದು ಸಹಜ. ಒಡೆತನವನ್ನು ಹೇಳದೆ, ಊಳಿಗವನ್ನೂ ಹೇಳದೆ, ಎದುರಿನವರು ಮನುಷ್ಯರೆಂಬ ಕಾರಣಕ್ಕೆ ಮಾತ್ರ ಬಹುವಚನವನ್ನು ಕೊಡುವ ಶಬ್ದವೊಂದು ಮೊದಲೇ ಸಿದ್ಧವಾಗಿದ್ದುದು ಆ ಸೀಮೆಯ ಭಾಗ್ಯ.

ವಂದನೆಯಾಗಿ ಅದರ ಕೆಲಸವನ್ನೂ ಸರಿಯಾಗಿ ತಿಳಿ​ಯಬೇಕು. ‘ಎಲ್ಲಿಗ್ ಹೊರ್ಟದ್ದ್?’ ಎಂಬ ಪ್ರಶ್ನೆಗೆ ‘ಇಲ್ಲೇ’ ಎಂದರೆ ಸಾಕು, ಎಲ್ಲಿಗೆಂದು ವಿವರಿಸಬೇಕಾಗಿಲ್ಲ. ಪೇಟೆಯವರು ಇದನ್ನು ಅನ್ಯರ ವಿಷಯದಲ್ಲಿ ಅನಗತ್ಯ ಕುತೂಹಲವೆಂದು ಬೇಸರಪಡುವುದುಂಟು. ಶಾಂತಸಾಗರದ ದ್ವೀಪವಾಸಿಗಳ ನಡುವೆ ಬಾಳಿ ಅವರ ಜೀವನವನ್ನು ಅಭ್ಯಸಿಸಿದ ಮಾನವಶಾಸ್ತ್ರಜ್ಞ ಮಲಿನೋವ್ಸ್ಕಿ 1923ರಲ್ಲಿ ಒಂದು ತತ್ತ್ವವನ್ನು ಮಂಡಿಸಿದನು: ಮನುಷ್ಯರು ಆಡುವ ಎಷ್ಟೋ ಮಾತುಗಳ ಪ್ರಯೋಜನ ವಿಷಯವನ್ನು ತಿಳಿಸುವುದಲ್ಲ, ಪರಸ್ಪರ ಬಾಂಧವ್ಯವನ್ನು ಬೆಸೆಯುವುದು. ಕುಂದಾಪುರದ ದಾರಿಹೋಕರು ಶಾಸ್ತ್ರವನ್ನೋದದೆಯೇ ಈ ತತ್ತ್ವವನ್ನು ಆಚರಿಸುತ್ತಾರೆ. ‘ಹ್ವಾಯ್’ ಎಂದು ಕರೆದು ಒಂದು ಪ್ರಶ್ನೆ ಕೇಳಿದವರು ಬೇಡುವುದು ಉತ್ತರವನ್ನಲ್ಲ, ಓಗೊಡುವಿಕೆಯನ್ನು.

ನಗೆಯ ಪಾಲಾಗುವ ಅಪಾಯ

ಆಡುಮಾತಿನ ಶಬ್ದಗಳಿಗೆ ಎರಡು ಬಗೆಯ ಆಪತ್ತುಗಳಿವೆ. ಬಳಸುವವರೇ ನಾಚಿ ಬಿಡುವುದು ಒಂದು; ಬಳಸದವರು ನಗೆಗೆ ಬಳಸುವುದು ಇನ್ನೊಂದು. ಬಡಗುತಿಟ್ಟಿನ ಯಕ್ಷಗಾನವು ಇದೇ ಸೀಮೆಯ ಕಲೆ. ಅದರಲ್ಲಿ ರಾಜನೂ ಋಷಿಯೂ ಗ್ರಾಂಥಿಕ ಕನ್ನಡವನ್ನಾಡಿದರೆ ಹಾಸ್ಯಗಾರನು ಊರಮಾತನ್ನಾಡುತ್ತಾನೆ. ರಂಗಧರ್ಮದ ದೃಷ್ಟಿಯಿಂದ ಇದು ಯುಕ್ತವೇ. ಆದರೆ ಊರಮಾತು ಬಂದೊಡನೆ ನಗಬೇಕೆಂಬ ಅಭ್ಯಾಸ ಚೌಕಿಯಿಂದ ಹೊರಬಂದು ತರಗತಿಗೂ ಕಚೇರಿಗೂ ಕಾಲಿಟ್ಟರೆ, ತಾಯಿಯ ಮಾತು ಮಗುವಿಗೆ ಮರೆಮಾಡತಕ್ಕ ವಸ್ತುವಾಗುತ್ತದೆ. ಉದ್ಯೋಗಕ್ಕಾಗಿ ಬೆಂಗಳೂರು, ಮುಂಬಯಿಗಳನ್ನು ಸೇರಿ ಹೋಟೆಲುಗಳನ್ನು ನಡೆಸಿದ ಈ ಸೀಮೆಯ ಸಾವಿರಾರು ಕುಟುಂಬಗಳಲ್ಲಿ ಮಕ್ಕಳ ಬಾಯಿಂದ ಇಂತಹ ಶಬ್ದಗಳು ಜಾರುತ್ತಿರುವುದಕ್ಕೆ ಊರು ದೂರವಾದುದೊಂದೇ ಕಾರಣವಲ್ಲ, ನಾಚಿಕೆಯೂ ಕಾರಣ.

ಈ ನಾಚಿಕೆಯನ್ನು ಕಳೆಯುವ ಕೆಲಸವೂ ನಡೆದಿದೆ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು (1902–1997) ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಈ ಕರಾವಳಿಯ ಬದುಕನ್ನು ಮೂರು ತಲೆಮಾರುಗಳ ಕಥೆಯಾಗಿ ನಿಲ್ಲಿಸಿದರು. ಕುಂದಾಪುರದವರಾದ ವೈದೇಹಿಯವರು ಆ ಸೀಮೆಯ ಹೆಂಗಸರ ಮಾತನ್ನು ಕಥೆಗಳಲ್ಲಿ ಘನತೆಯಿಂದ ಬಳಸಿದರು. ‘ಕ್ರೌಂಚ ಪಕ್ಷಿಗಳು’ ಸಂಕಲನಕ್ಕೆ 2009ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ವ್ಯಂಗ್ಯಚಿತ್ರಕಾರ ಪಂಜು ಗಂಗೊಳ್ಳಿಯವರ ಶ್ರಮದಿಂದ ಕುಂದಾಪುರ ಕನ್ನಡಕ್ಕೆ ಒಂದು ನಿಘಂಟು ದೊರೆತಿದೆ. 2022ರಲ್ಲಿ ತೆರೆಕಂಡ ‘ಕಾಂತಾರ’ ಚಲನಚಿತ್ರದಿಂದ ಆ ಸೀಮೆಯ ಮಾತು ನಾಡಿನಾದ್ಯಂತ ಕೇಳಿಸಿತು. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಪ್ರಸಿದ್ಧಿಯೊಡನೆ ಹೊಸ ತೊಡಕೂ ಬಂದಿದೆ. ಸೀಮೆಯನ್ನರಿಯದವರು ‘ಹ್ವಾಯ್’ ಎಂಬುದನ್ನು ಒಂದು ಮೋಜಿನ ಕೂಗಾಗಿ ಎತ್ತಿಕೊಂಡು ಅದರ ಜೊತೆಗೆ ಏಕವಚನವನ್ನು ಸೇರಿಸತೊಡಗಿದರೆ, ಶಬ್ದ ಉಳಿದು ಮರ್ಯಾದೆ ಹೋದಂತಾಗುತ್ತದೆ.

ಅಧ್ಯಾಪಕರ ಕರ್ತವ್ಯ

ಕನ್ನಡದ ದೇಸಿಗಳು ಎಣಿಕೆಗೆ ಮೀರಿದವೆಂಬುದನ್ನು 9ನೆಯ ಶತಮಾನದ ಕವಿರಾಜಮಾರ್ಗವೇ ಗುರುತಿಸಿತ್ತು. ಶಾಲೆಯ ಕೆಲಸ ಗ್ರಾಂಥಿಕ ಭಾಷೆಯನ್ನು ಕಲಿಸುವುದೆಂಬುದರಲ್ಲಿ ವಿವಾದವಿಲ್ಲ. ಪರೀಕ್ಷೆಯ ಉತ್ತರವನ್ನೂ ಅರ್ಜಿಯನ್ನೂ ಪ್ರಬಂಧವನ್ನೂ ಎಲ್ಲ ಸೀಮೆಯವರಿಗೂ ತಿಳಿಯುವ ಕನ್ನಡದಲ್ಲಿ ಬರೆಯಲು ಮಗು ಕಲಿಯಲೇಬೇಕು. ಆದರೆ ಗ್ರಾಂಥಿಕವನ್ನು ಕಲಿಸುವುದಕ್ಕಾಗಿ ಮನೆಮಾತನ್ನು ಹೀಯಾಳಿಸುವುದು ಅನಗತ್ಯ. ಬೇರು ಕಿತ್ತು ಗಿಡಕ್ಕೆ ನೀರೆರೆದವರಿಲ್ಲ.

ಇದಕ್ಕೆ ಸುಲಭವಾದ ಒಂದು ಪಾಠಕ್ರಮವಿದೆ. ಸಂಬೋಧನಾ ವಿಭಕ್ತಿಯನ್ನು ಕಲಿಸುವ ದಿನ ವಿದ್ಯಾರ್ಥಿಗಳಿಂದಲೇ ಅವರವರ ಮನೆಯ ಕರೆಗಳನ್ನು ಸಂಗ್ರಹಿಸುವುದು. ಯಾರು, ಯಾರನ್ನು, ಏನೆಂದು ಕರೆಯುತ್ತಾರೆ. ಆ ಕರೆಯ ಜೊತೆಗೆ ಬರುವ ಕ್ರಿಯಾಪದ ಏಕವಚನವೋ ಬಹುವಚನವೋ ಎಂಬ ಅಂಕಣಗಳನ್ನು ಕಪ್ಪುಹಲಗೆಯ ಮೇಲೆ ಎಳೆಯುವುದು. ಬಯಲುಸೀಮೆಯ ‘ರೀ’, ಮಲೆನಾಡಿನ ‘ಮಾರಾಯ’, ಧಾರವಾಡದ ಕಡೆಯ ‘ಯಪ್ಪಾ, ಯವ್ವಾ’, ಕುಂದಾಪುರದ ‘ಹ್ವಾಯ್’ ಎಲ್ಲವೂ ಒಂದೇ ಹಲಗೆಯ ಮೇಲೆ ಬಂದಾಗ, ಕೂಗಿನ ಒರಟುತನಕ್ಕೂ ಅರ್ಥದ ಒರಟುತನಕ್ಕೂ ಸಂಬಂಧವಿಲ್ಲವೆಂಬುದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ವಚನವೆಂದರೇನು, ಗೌರವ ಬಹುವಚನವೆಂದರೇನು, ಪ್ಲುತವೆಂದರೇನು ಎಂಬ ಮೂರು ಪಾಠಗಳು ಒಂದು ಗಂಟೆಯಲ್ಲಿ ಮುಗಿಯುತ್ತವೆ. ನಗುವ ಹುಡುಗರಿದ್ದರೆ ಅವರ ಮನೆಯ ಕರೆಯೂ ಇನ್ನೊಬ್ಬರ ಕಿವಿಗೆ ವಿಚಿತ್ರವೆಂಬುದು ಅದೇ ಹಲಗೆಯಲ್ಲಿ ಕಾಣಿಸುತ್ತದೆ.

ಊರು ಬಿಟ್ಟು ದೂರ ನೆಲೆಸಿದ ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಗಳಲ್ಲಿ ಇಂತಹ ಶಬ್ದಗಳನ್ನು ನಾಚದೆ ಆಡಿದರೆ ಅದೂ ವಿದ್ಯಾಸೇವೆಯೇ. ಇನ್ನು ತರಗತಿಯಲ್ಲಿ ಹೊಸದಾಗಿ ಬಂದ ಮಗುವೊಂದು ಹಿಂದಿನ ಸಾಲಿನಿಂದ ‘ಹ್ವಾಯ್’ ಎಂದು ಕರೆದರೆ ಉಪಾಧ್ಯಾಯರು ಮಾಡತಕ್ಕುದು ಇಷ್ಟೆ: ಮೊದಲು ಓಗೊಡುವುದು, ಮಗು ಕೇಳಬಂದುದನ್ನು ಕೇಳಿಸಿಕೊಳ್ಳುವುದು, ಆಮೇಲೆ ‘ಗುರುಗಳೇ’ ಎಂಬ ರೂಪವನ್ನು ಅದರ ಪಕ್ಕದಲ್ಲಿ ಕಲಿಸುವುದು.